ಸಾರ್ಜೆಂಟ್ ಕಾಕಾನನ್ನು ಉಳಿಸುವ ದಾರಿ

ಕಳೆದ ಭಾನುವಾರ ಮಧ್ಯಾಹ್ನ ಹುಬ್ಬಳ್ಳಿ ಹತ್ತಿರದ ಸಂಶಿ ಊರಿನಲ್ಲಿ ಕೂತು ಒಬ್ಬ ಸೈನಿಕನನ್ನು ಮತ್ತೆ ಮತ್ತೆ ಸಾಯಲು ಬಿಟ್ಟೆವು. ನಾನು ಮತ್ತು ನನ್ನ ಗೆಳೆಯ ಬಸು. (ಗಾಬರಿ ಬೇಡ, ಕಂಪ್ಯೂಟರ್ ಗೇಮಿನಲ್ಲಿ.)

ಕಾಲೇಜು ದಿನಗಳಲ್ಲಿ ನಮ್ಮನ್ನು ಹಾಳು ಮಾಡಿದ್ದು ಇದೇ ಗೇಮ್. ಕೈಯಲ್ಲಿ ಬಂದೂಕು, ಎದುರಿಗೆ ಶತ್ರು, ಪಕ್ಕದಲ್ಲಿ ಒಬ್ಬ ಗಡ್ಡದ ಸಾರ್ಜೆಂಟ್. ಅವನಿಗೆ ನಾವಿಟ್ಟ ಹೆಸರು ಕಾಕಾ. ಕೊನೆಗೊಂದು ಸೇತುವೆ ಬರುತ್ತದೆ. ಅಲ್ಲಿ ಕಾಕಾ ಗುಂಡು ತಿಂದು ಬೀಳುತ್ತಾನೆ. ನೀವೆಷ್ಟೇ ಚೆನ್ನಾಗಿ ಆಡಿ, ಬಿದ್ದೇ ಬೀಳುತ್ತಾನೆ. ಗೇಮ್ ಮಾಡಿದವರು ಕಥೆ ಬರೆದಿರುವುದೇ ಹಾಗೆ.

ಬಸು ಇದನ್ನು ಒಪ್ಪಲೇ ಇಲ್ಲ. "ಎಲ್ಲ್ಯರ ಒಂದ ದಾರಿ ಇಟ್ಟಿರ್ತಾರಲೇ, ನಮಗ ಸಿಕ್ಕಿಲ್ಲಷ್ಟ" ಎನ್ನುತ್ತಿದ್ದ. ಬೇಗ ಓಡಿ ನೋಡಿದ, ತಡವಾಗಿ ಓಡಿ ನೋಡಿದ, ತಾನೇ ಗುಂಡಿಗೆ ಅಡ್ಡ ನಿಂತು ನೋಡಿದ. ಆಗಲಿಲ್ಲ. ಕೊನೆಗೆ ಏನು ಮಾಡಿದ ಗೊತ್ತೆ? ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಯಮನೂರಿಗೆ ಹೋಗಿ, ದರ್ಗಾದಲ್ಲಿ ಕಾಕಾನ ಹೆಸರಿನಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದ! ಒಂದು ಚಿಟಿಕೆ ಕೀಬೋರ್ಡಿಗೂ ಉದುರಿಸಿದ. ಕಾಕಾ ಸತ್ತ. ಕೀಬೋರ್ಡಿಗೆ ಇರುವೆ ಮುತ್ತಿದವು. ನಾವು ಬಿದ್ದು ಬಿದ್ದು ನಕ್ಕೆವು.

ಈಗ ನಗು ಬರುತ್ತಿಲ್ಲ. ಬಸುವಿಗೆ ಲಿವರ್ ಕ್ಯಾನ್ಸರ್. "ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ" ಎಂದು ಡಾಕ್ಟರು ಕಳಿಸಿಬಿಟ್ಟಿದ್ದಾರೆ. ಇದರ ಅರ್ಥ ಅವನ ಹೆಂಡತಿ ಶಾಂತಾಗೆ ಗೊತ್ತು, ನನಗೆ ಗೊತ್ತು, ಓಣಿಗೆಲ್ಲ ಗೊತ್ತು. ಅವನಿಗೆ ಮಾತ್ರ ಹೇಳಿಲ್ಲ. (ನಮ್ಮ ಕಡೆಯ ಪದ್ಧತಿಯೇ ಇದು. ಜಡ್ಡು ಯಾರಿಗೋ ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಸುದ್ದಿ!)

ಅವನು ಕೇಳಿದ್ದೇನು? "ಆ ಗೇಮ್ ತಗೊಂಡ ಬಾರಲೇ." ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋದೆ. ಬಾಗಿಲಲ್ಲೇ ಶಾಂತಾ ಪಿಸುಗುಟ್ಟಿದಳು: "ಅಣ್ಣಾ, ಅವರ ಮುಂದ ಏನೂ ಬಾಯಿ ಬಿಡಬ್ಯಾಡ್ರಿ."

ಬಸುವಿನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕೂದಲಿನಂಥ ತಂತಿ ಸುತ್ತುತ್ತಿದ್ದ ಬೆರಳುಗಳು ಈಗ ಮೌಸ್ ಹಿಡಿದರೆ ನಡುಗುತ್ತವೆ. ಹಾಗಾಗಿ ಓಡುವ ಕೀ ಅವನಿಗೆ, ಗುಂಡು ಹಾರಿಸುವ ಮೌಸ್ ನನಗೆ.

ಸೇತುವೆ ಬಂತು. ಕಾಕಾ ಬಿದ್ದ.

"ಮತ್ತ ಹಚ್ಚು."

ಮತ್ತೆ ಬಿದ್ದ.

"ನೀ ತಡಾ ಮಾಡಿದಿ, ಸುಮಾರ್ ಮಗನ. ಮತ್ತ ಹಚ್ಚು."

ಹೀಗೇ ನಡೆಯಿತು. ಕೊನೆಗೆ ಸುಸ್ತಾಗಿ ಗೋಡೆಗೆ ಒರಗಿದ. ಹೊಟ್ಟೆ ಉಬ್ಬಿದೆ, ಕಣ್ಣು ಅರಿಶಿನ. ನೋಡಲಾಗದೆ ನಾನು ಸ್ಕ್ರೀನ್ ನೋಡುತ್ತ ಕೂತೆ.

"ಈಗ ಎಲ್ಲಾ ನೆಟ್‌ನ್ಯಾಗ ಸಿಗತೈತೆಲ್ಲೊ. ನೋಡಿಯೇನು? ಇಂವಾ ಉಳಿಯೂ ದಾರಿ ಐತೇನು?"

ನೋಡಿದ್ದೆ. ಇಲ್ಲ. ಚಹಾ ಹಿಡಿದು ನಿಂತಿದ್ದ ಶಾಂತಾ ನನ್ನನ್ನೇ ನೋಡುತ್ತಿದ್ದಳು.

"ಐತಂತ" ಎಂದೆ.

ಬಸು ನನ್ನ ಮುಖ ನೋಡಿದ. "ನಿನಗ ಸುಳ್ಳ ಹೇಳಾಕ ಬರೂದಿಲ್ಲ ಬಿಡಲೇ. ಡಾಕ್ಟರ್ ಏನಂದ್ರು ಅಂತ ಕೇಳಿದಾಗೂ ಹಿಂಗ ಮಾರಿ ಮಾಡಿದ್ದಿ. ಅವತ್ತ ತಿಳೀತು ನನಗ."

ಶಾಂತಾ ಚಹಾದ ಕಪ್ಪನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಅಳು ಹೊರಗೆ ಕೇಳಿಸುತ್ತಿತ್ತು.

ಅಂದರೆ ಡಾಕ್ಟರ ಮಾತು ಮುಚ್ಚಿಟ್ಟ ದಿನದಿಂದಲೂ ಅವನಿಗೆ ಗೊತ್ತಿತ್ತು. ನಾವು "ಹುಷಾರಾಗ್ತಿ, ಮುಂದಿನ ವಾರ ಅಂಗಡಿ ತೆಗಿ" ಎಂದು ಹಲ್ಲು ಕಿಸಿದಾಗಲೆಲ್ಲ, ನಮ್ಮ ಸಮಾಧಾನಕ್ಕೆ ಹೂಂ ಎಂದಿದ್ದಾನೆ. ರಾತ್ರಿ ಗೋಡೆಗೆ ಮುಖ ಮಾಡಿ ಒಬ್ಬನೇ ಹೆದರಿರುತ್ತಾನೆ. ಥೂ, ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ.

ಸಾಯುವವನಿಗೆ ತನ್ನ ಸಾವಿನ ಮಾತಾಡಲು ಒಬ್ಬರೂ ಸಿಗದಂತೆ ಮಾಡುತ್ತೇವಲ್ಲ, ಇದನ್ನು ಪ್ರೀತಿ ಎಂದು ಕರೆದವರು ಯಾರು?