ಉಮಾಶ್ರೀಯ ಎಂಟು ಮುಚ್ಚಳಗಳು

ನನ್ನ ಅಕ್ಕ ಚನ್ನಮಲ್ಲಮ್ಮನ ಬಗ್ಗೆ ಒಳ್ಳೆಯದನ್ನು ಹೇಳಬೇಕೆಂದರೆ ಅವಳ ಮಾವಿನ ಉಪ್ಪಿನಕಾಯಿಯಿಂದ ಶುರು ಮಾಡಿ ಅಲ್ಲಿಗೇ ಮುಗಿಸಬೇಕು. ಪೋತ್ನಾಳದಲ್ಲಿ ಅವಳ ಗಂಡ ಕಟ್ಟಿಸಿದ ಅಕ್ಕಿ ಗಿರಣಿ ಇದೆ; ಈಗ ಮಗ ಮೌನೇಶ ನಡೆಸುತ್ತಾನೆ. ಗಿರಣಿಯ ಧೂಳು ಬಾರದ ಒಳಕೋಣೆಯ ಹಲಗೆಯ ತುಂಬ ಗಾಜಿನ ಬಾಟಲಿಗಳು. ಬಂದವರಿಗೆಲ್ಲ ಮೊದಲು ಅವುಗಳ ದರ್ಶನ, ಆಮೇಲೆ ಚಹಾ. ಈ ಬರಹ ಅವಳ ಮೇಲಲ್ಲ, ಅವಳ ಸೊಸೆ ಉಮಾಶ್ರೀಯ ಮೇಲೆ. ಆದರೆ ಆ ಮನೆಯಲ್ಲಿ ಸೊಸೆಯ ಸರದಿ ಬರುವುದು ಉಪ್ಪಿನಕಾಯಿಯ ನಂತರವೇ, ಏನು ಮಾಡುವುದು.

ಉಮಾಶ್ರೀ ಕಲ್ಲೂರಿನ ಹುಡುಗಿ. ಮಾನ್ವಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಗ ಮದುವೆ ಮಾಡಿದರು. ಪರೀಕ್ಷೆಯನ್ನು ಮದುವೆಯಾದ ಮೇಲೂ ಬರೆಯಬಹುದು ಎಂದು ನಮ್ಮವರು ಮಾತು ಕೊಟ್ಟಿದ್ದರು. ಕೊಡುವಾಗ ನಾನೂ ಅಲ್ಲಿ ಕೂತಿದ್ದೆ. ಪರೀಕ್ಷೆಯ ವಾರ ಗಿರಣಿಗೆ ಹೆಚ್ಚಿನ ಹಮಾಲರು ಬಂದರು, ಅವರಿಗೆ ರೊಟ್ಟಿ ಬಡಿಯುವ ಕೈ ಬೇಕಾಯಿತು. ಅಲ್ಲಿಗೆ ಓದು ಮುಗಿಯಿತು. ಆರು ವರ್ಷದಲ್ಲಿ ಎರಡು ಸಲ ಬಸಿರಾದಳು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು.

ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಮೈಮೇಲೆ ಲಿಂಗವಿದ್ದವರಿಗೆ ಮುಟ್ಟಿನ ಸೂತಕವಿಲ್ಲ ಎಂದು ಕೇಳಿಕೊಂಡೇ ಬೆಳೆದವರು. ಹಾಗಾಗಿ ಆ ದಿನಗಳಲ್ಲೂ ಉಮಾಶ್ರೀ ರೊಟ್ಟಿ ಬಡಿಯಬೇಕು, ನೀರು ತುಂಬಬೇಕು, ಜಗಲಿ ಸಾರಿಸಬೇಕು. ಉಪ್ಪಿನಕಾಯಿಯ ಕೋಣೆಗೆ ಮಾತ್ರ ಕಾಲಿಡಬಾರದು. ಸೊಸೆಯ ದಿನಗಳನ್ನು ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟು ಗುರುತು ಮಾಡುತ್ತಿದ್ದಳು, ಹೋಗಿ ಬರುವವರೆಲ್ಲ ನೋಡುವಂತೆ. ಇದೆಲ್ಲಿಯ ನ್ಯಾಯ ಎಂದು ನಾನು ಒಮ್ಮೆ ಕೇಳಿದೆ.

“ಲಿಂಗಕ್ಕ ಸೂತಕಿಲ್ಲ, ಉಪ್ಪಿನಕಾಯಿಗೆ ಅದ,” ಅಂದಳು ಅಕ್ಕ.

ಇಷ್ಟಾದರೂ ಪ್ರತಿ ಮಳೆಗಾಲಕ್ಕೆ ನಾಲ್ಕಾರು ಬಾಟಲಿಗೆ ಬೂಷ್ಟು ಬರುತ್ತಿತ್ತು. ಬರದೆ ಏನು? ಬಾಟಲಿಗಳೆಲ್ಲ ಜಾಮಿನವು, ಕಾಫಿ ಪುಡಿಯವು, ಹತ್ತು ವರ್ಷ ಹಳೆಯವು. ಅವುಗಳ ತಗಡಿನ ಮುಚ್ಚಳಗಳ ಒಳಬಣ್ಣವನ್ನು ಉಪ್ಪೂ ಹುಳಿಯೂ ಸೇರಿ ಎಂದೋ ತಿಂದು ಹಾಕಿದ್ದವು. ತುಕ್ಕು ಹಿಡಿದ ಅಂಚಿನಿಂದ ಗಾಳಿ ಒಳಗೆ ಹೋಗುತ್ತಿತ್ತು. ಮುಚ್ಚಳಕ್ಕೆ ದುಡ್ಡು ಹಾಕುವುದು ಅಕ್ಕನ ಜಾಯಮಾನದಲ್ಲಿಲ್ಲ. ತಪ್ಪು ಹೊರಿಸಲು ಮನೆಯಲ್ಲೇ ಸೊಸೆ ಇರುವಾಗ ಮುಚ್ಚಳದ ಕಡೆ ನೋಡುವ ದರ್ದೂ ಇರಲಿಲ್ಲ. ಕದ್ದು ಬಾಟಲಿ ಮುಟ್ಟಿದ್ದಾಳೆ, ಅವಳ ಕೈ ಹತ್ತಿದ್ದು ಉಳಿಯುವುದಿಲ್ಲ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಓಣಿಯ ಮನೆಗಳಲ್ಲಿ ಸೀಮಂತ, ತೊಟ್ಟಿಲು ಎಂದರೆ ಉಮಾಶ್ರೀಯನ್ನು ಕರೆಯುವುದು ನಿಂತಿತು.

ಕಳೆದ ವರ್ಷ ಏಪ್ರಿಲಿನಲ್ಲಿ ಅವಳು ಡಾಕ್ಟರಿಗೆ ತೋರಿಸಿಕೊಳ್ಳಲು ರಾಯಚೂರಿಗೆ ಬಂದು ನಮ್ಮ ಮನೆಯಲ್ಲಿ ಎರಡು ದಿನ ಉಳಿದಳು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ವೀರಭದ್ರಮ್ಮ ಟೀಚರ್ ಎಂದರೆ ನಮ್ಮ ಕಡೆ ಈಗಲೂ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಊಟವಾದ ಮೇಲೆ ಉಮಾಶ್ರೀ ತನ್ನ ಚೀಲದಿಂದ ದುಂಡಗೆ ಕತ್ತರಿಸಿದ ಕಾಗದದ ಬಿಲ್ಲೆಗಳನ್ನು ತೆಗೆದಳು. ಒಂದೊಂದೂ ಒಂದೊಂದು ಬಾಟಲಿಯ ಬಾಯಿಯ ಅಳತೆ. ಈ ಸಲ ಹದಿನಾರು ಬಾಟಲಿ ಉಪ್ಪಿನಕಾಯಿ ಹಾಕುತ್ತಾರೆ, ಎಂಟಕ್ಕೆ ಒಳ್ಳೆಯ ಮುಚ್ಚಳ ಹಾಕಿ ಎಂಟಕ್ಕೆ ಹಳೆಯದನ್ನೇ ಬಿಟ್ಟು ನೋಡುತ್ತೇನೆ, ನನ್ನ ಕೈ ಕೆಟ್ಟದ್ದೋ ಅಲ್ಲವೋ ನನಗೇ ಗೊತ್ತಾಗಬೇಕು ಎಂದಳು. ನನಗೆ ಬಹಳ ಖುಷಿಯಾಯಿತು. ಇಂಥ ಒಬ್ಬ ವಿದ್ಯಾರ್ಥಿನಿ ನನಗೆ ಮೂವತ್ತೊಂದು ವರ್ಷದಲ್ಲಿ ಸಿಕ್ಕಿರಲಿಲ್ಲ.

ತೀನ್ ಕಂದೀಲ್ ಹತ್ತಿರದ ಜಿಲಾನಿ ಪಾಷಾನ ಅಂಗಡಿಗೆ ಕರೆದುಕೊಂಡು ಹೋದೆ. ಬಾಟಲಿ, ಡಬ್ಬಿ, ಮುಚ್ಚಳ ಬಿಟ್ಟರೆ ಬೇರೇನೂ ಮಾರದ ಮುದುಕ ಅವನು. ಮೊದಲು ಹೊಳೆಯುವ ತಗಡಿನ ಮುಚ್ಚಳ ತೋರಿಸಿದ. ಉಪ್ಪಿನಕಾಯಿಗೆ ಇದು ಎರಡು ಮಳೆಗಾಲ ತಾಳುವುದಿಲ್ಲ ಎಂದು ಅವಳು ಬದಿಗಿಟ್ಟಳು. ತಂತಿಯ ಕೊಂಡಿಯಿರುವ ಗಾಜಿನ ಮುಚ್ಚಳ ತೋರಿಸಿದ. ಕೊಂಡಿ ಕಬ್ಬಿಣದ್ದು, ಅದಕ್ಕೂ ಅದೇ ಗತಿ. ಎಳೆದು ಹೊದಿಸುವ ರಬ್ಬರಿನದ್ದು ನಿನ್ನೆಯ ಪಲ್ಯ ಮುಚ್ಚಲು ಸರಿ, ವರ್ಷದ ಉಪ್ಪಿನಕಾಯಿಗೆ ಅಲ್ಲ. ಕಟ್ಟಿಗೆಯದ್ದು ನೋಡಲು ಚೆಂದ, ಶ್ರಾವಣದಲ್ಲಿ ತಾನೇ ಬೂಷ್ಟು ಹಿಡಿಯುತ್ತದೆ. ಕೊನೆಗೆ ಅವಳು ಆರಿಸಿದ್ದು ದಪ್ಪ ಬಿಳಿ ಪ್ಲಾಸ್ಟಿಕ್ಕಿನ ತಿರುಪು ಮುಚ್ಚಳ. ಒಳಗೆ ಮೆತ್ತನೆಯ ಬಳೆ ಇರುತ್ತದೆ, ಅದನ್ನು ಬಿಡಿಸಿ ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ಕೂಡಿಸಬಹುದು. ಬಾಯಿಯ ಅಳತೆ ಒಂದೇ ಇದ್ದರೂ ತಿರುಪು ಬೇರೆ ಇರಬಹುದೆಂದು ಪಾಷಾ ಎಚ್ಚರಿಸಿದ. ಅದಕ್ಕೂ ಅವಳು ತಯಾರಾಗಿ ಒಂದು ಬಾಟಲಿ ತಂದಿದ್ದಳು. ನೀರು ತುಂಬಿಸಿ, ಮುಚ್ಚಿ, ಪಾಷಾನ ಗಲ್ಲಾಪೆಟ್ಟಿಗೆಯ ಪಕ್ಕ ಹಳೆಯ ಪೇಪರ್ ಹಾಸಿ ಬೋರಲು ಹಾಕಿದಳು. ಅವನು ಚಹಾ ತರಿಸಿದ. ಕುಡಿದು ಮುಗಿಸಿದರೂ ಪೇಪರಿನ ಮೇಲೆ ಒಂದು ಹನಿ ಇರಲಿಲ್ಲ.

ಅವನ್ನು ನಾನೇ ಕೊಂಡೆ. ತಂಗಿ ಕೊಟ್ಟ ಬಿಟ್ಟಿ ಮುಚ್ಚಳವೆಂದರೆ ಅಕ್ಕ ಬೇಡ ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಪ್ರಯೋಗದ ರೀತಿಯನ್ನೂ ನಾನೇ ತಿದ್ದಿಕೊಟ್ಟೆ. ಹೊಸ ಮುಚ್ಚಳದವು ನಾಲ್ಕು, ಹಳೆಯವು ನಾಲ್ಕು, ಇವನ್ನು ಮುಟ್ಟಿನ ಎರಡನೇ ದಿನ ತೆರೆದು, ತೊಳೆದು ಒರೆಸಿದ ಕೈಯಿಂದ ಹೋಳು ಮೇಲೆ ಕೆಳಗೆ ಮಾಡಬೇಕು. ಉಳಿದ ಎಂಟನ್ನು ಬೇರೆ ದಿನ ಹಾಗೆಯೇ ತೆರೆದು ಮುಚ್ಚಬೇಕು. ಬಾಟಲಿಯ ಅಡಿಗೆ ಚೀಟಿ ಅಂಟಿಸಿ ತಾರೀಖು ಬರೆಯಬೇಕು. ಅವಳು ಮೇ ತಿಂಗಳಲ್ಲಿ, ಅತ್ತೆ ಮಧ್ಯಾಹ್ನ ಮಲಗಿದ್ದಾಗ, ಅಕ್ಷರ ತಪ್ಪದಂತೆ ಎಲ್ಲವನ್ನೂ ಮಾಡಿದಳು. ಶ್ರಾವಣ ಮುಗಿಯುವ ಹೊತ್ತಿಗೆ ಫೋನ್ ಮಾಡಿದಳು. ಹೊರಗಿನಿಂದ ನೋಡಿದರೇ ಕಾಣುತ್ತಿತ್ತಂತೆ: ಹಳೆಯ ಮುಚ್ಚಳದ ಐದಕ್ಕೆ ಬೂಷ್ಟು ಬಂದಿತ್ತು, ಅದರಲ್ಲಿ ಮೂರು ಅವಳು ಮುಟ್ಟಿನ ದಿನ ಕೈ ಹಾಕದವು. ಹೊಸ ಮುಚ್ಚಳದ ಎಂಟೂ ಸ್ವಚ್ಛ. ಹೇಳುವಾಗ ಅಳುತ್ತಿದ್ದಳು. ಯಾರಿಗೂ ಹೇಳಬೇಡ, ತಕ್ಕ ಸಮಯಕ್ಕೆ ನಾನೇ ಹೇಳುತ್ತೇನೆ ಎಂದೆ. ದೊಡ್ಡ ಮನುಷ್ಯಳಂತೆ.

ಅದೇ ವಾರ ಅಕ್ಕನ ಮಗಳು ಅಮರೇಶ್ವರಿ ದೇವದುರ್ಗದ ಗಂಡನ ಮನೆಯಿಂದ ರಾಯಚೂರಿಗೆ ಸ್ಕ್ಯಾನಿಂಗಿಗೆ ಬಂದಳು. ಐದನೇ ತಿಂಗಳು. ಗಂಡನಿಗೆ ಪುರಸೊತ್ತಿಲ್ಲವೆಂದು ಜೊತೆಗೆ ನಾನು ಹೋದೆ. ಕೂಸಿನ ಬೆಳವಣಿಗೆ ನಿಂತಿದೆ, ನೀರು ಕಡಿಮೆಯಿದೆ, ಉಳಿಯುವುದು ಬಹಳ ಕಷ್ಟ, ವಾರ ಬಿಟ್ಟು ಬನ್ನಿ ಎಂದರು ಡಾಕ್ಟರು. ಆಟೋದಲ್ಲಿ ಅವಳು ನನ್ನ ಕೈ ಬಿಡಲಿಲ್ಲ. ಶುಕ್ರವಾರ ಪೋತ್ನಾಳದಲ್ಲಿ ಅವಳ ಕುಬುಸ, ಅಂದರೆ ಸೀಮಂತ, ನಿಗದಿಯಾಗಿತ್ತು. ಮಕ್ಕಳಾಗಲಿಲ್ಲವೆಂದು ಹಿರಿಯ ಸೊಸೆಯನ್ನು ತವರಿಗೆ ಅಟ್ಟಿದ ಮನೆ ಅವಳ ಅತ್ತೆಯದು. ವಿಷಯ ಯಾರಿಗೂ ಹೇಳಬೇಡವೆಂದು ಬೇಡಿಕೊಂಡು ವರದಿಯನ್ನು ನನ್ನ ಹತ್ತಿರವೇ ಬಿಟ್ಟಳು. ಪಾಪ ಎನ್ನಿಸಿತು, ಒಪ್ಪಿಕೊಂಡೆ.

ಕುಬುಸದ ದಿನ ದೇವದುರ್ಗದಿಂದ ಎರಡು ಜೀಪು ತುಂಬ ಹೆಂಗಸರು ಬಂದಿದ್ದರು. ರೊಟ್ಟಿ, ಮಾದಲಿ, ಹಸಿರು ಸೀರೆ, ಆರತಿ ಎಲ್ಲ ಆಯಿತು. ಉಪ್ಪಿನಕಾಯಿಯನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಹಿಗ್ಗಿದ ಅಕ್ಕ ಬೀಗರಿಗೆ ಕಟ್ಟಿಕೊಡಲು ಅವಸರದಲ್ಲಿ ಕೈಗೆ ಸಿಕ್ಕ ಇನ್ನೊಂದು ಬಾಟಲಿ ತಂದು, ನೋಡದೆ ಅವರೆದುರೇ ತೆರೆದಳು. ಹಳೆಯ ಮುಚ್ಚಳದ್ದು. ಮೇಲೆ ಬೆರಳು ದಪ್ಪ ಬೂಷ್ಟು. ಅಕ್ಕನ ಮುಖ ಕಪ್ಪಿಟ್ಟಿತು, ಮರುಗಳಿಗೆಗೆ ಸೊಸೆಯ ಕಡೆ ತಿರುಗಿತು.

“ನೋಡ್ರಿ, ಇಕಿ ಕೈ ಹತ್ತಿದ್ದು ಉಳಿಯಂಗಿಲ್ಲ. ಹೊಟ್ಟಿಯಾಗಿಂದೂ ಅಷ್ಟ.”

ಕೆಲವರು ನಕ್ಕರು. ಉಮಾಶ್ರೀ ಬಡಿಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ತಕ್ಕ ಸಮಯ ಅದೇ ಆಗಿತ್ತು. ನಾನು ಎಲೆಯಲ್ಲಿದ್ದ ಮಾದಲಿ ಕಲಸುತ್ತ ಕೂತೆ. ಅವಳು ಒಳಗೆ ಹೋಗಿ, ಎಲ್ಲರಿಗೂ ಬಡಿಸಿದ್ದ ಬಾಟಲಿಯನ್ನು ತಂದು, ಬೋರಲು ಹಿಡಿದು ಅಡಿಯ ಚೀಟಿ ತೋರಿಸಿದಳು.

“ಅತ್ತಿ, ನೀವೆಲ್ಲಾ ಈಗ ಉಂಡದ್ದು ಇದರಾಗಿಂದು. ನಾ ಹೊರಗಾದ ಎರಡನೇ ದಿನ ಇದನ್ನ ಕೈ ಹಾಕಿ ತಿರುವೀನಿ, ತಾರೀಖು ಅದ. ಬೂಷ್ಟು ಬಂದದ್ದನ್ನ ಆ ದಿನ ಮುಟ್ಟೇ ಇಲ್ಲ. ತಪ್ಪು ಮುಚ್ಚಳದ್ದು ಅದ, ನಂದಲ್ಲ.”

ಒಂದು ತಪ್ಪಿಲ್ಲದ ತೀರ್ಮಾನ. ಹೇಳಿದ ಜಾಗವೊಂದೇ ತಪ್ಪು. ಬಸುರಿಯ ಎಲೆಯ ಮುಂದೆ ಅಂಥ ಮಾತನ್ನು ಹೇಳಬಾರದೆಂದು ನಮ್ಮ ಕಡೆಯ ಯಾವ ಹೆಣ್ಣಿಗಾದರೂ ಗೊತ್ತಿರುತ್ತದೆ. ಅವಳಿಗೂ ಗೊತ್ತಿತ್ತು; ಆ ಗಳಿಗೆಯಲ್ಲಿ ತಾನು ಗೆದ್ದೆ ಎಂಬುದೊಂದೇ ಕಂಡಿತು. ಬೀಗತಿ ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿದಳು. ಹಿಂದೆಯೇ ಉಳಿದವರೂ ಹೋದರು. ಅಮರೇಶ್ವರಿ ಮಾತ್ರ ಕೂತಲ್ಲೇ ಕೂತು, ಇನ್ನೊಂದು ಹೋಳು ಹಾಕು ಎಂದು ಉಮಾಶ್ರೀಯ ಮುಂದೆ ಎಲೆ ಸರಿಸಿ, ಎಲ್ಲರೂ ನೋಡುವಂತೆ ತಿಂದಳು. ಅತ್ತಿಗೆಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ಇಷ್ಟು ವಯಸ್ಸಾದರೂ ನಾನು ಎಂಥ ದಡ್ಡಿ.

ಐದನೇ ದಿನಕ್ಕೆ ಕೂಸು ಹೋಯಿತು. ರಾಯಚೂರಿನ ಆಸ್ಪತ್ರೆಯಿಂದ ಅಮರೇಶ್ವರಿಯನ್ನು ಪೋತ್ನಾಳಕ್ಕೆ ಕರೆತಂದಾಗ ನಾನೂ ಜೊತೆಗಿದ್ದೆ. ನಡುಮನೆಯಲ್ಲಿ ಬೀಗತಿ, ಅಕ್ಕ, ಮೌನೇಶ ಎಲ್ಲ ಇದ್ದರು. ತನ್ನ ಹೊಟ್ಟೆಯಲ್ಲಿ ಉಳಿಯಲಿಲ್ಲವೆಂದು ಸೊಸೆ ಮುಟ್ಟಿನ ಕೈಯ ಉಪ್ಪಿನಕಾಯಿ ತಿನ್ನಿಸಿ ಇನ್ನೊಬ್ಬಳ ಹೊಟ್ಟೆಗೆ ಕೈ ಹಾಕಿದಳು ಎಂದು ಅಕ್ಕ ಎದೆ ಬಡಿದುಕೊಂಡಳು. ಉಮಾಶ್ರೀ ಬಾಗಿಲಲ್ಲಿ ನಿಂತಿದ್ದಳು. ಅವಳು ವಾದ ಮಾಡಲಿಲ್ಲ, ಒಂದೇ ಒಂದು ಪ್ರಶ್ನೆ ಕೇಳಿದಳು.

“ಅಮರೇಶ್ವರಿ, ಕುಬುಸದಕಿಂತ ಮೊದಲು ಸ್ಕ್ಯಾನಿಂಗಿನಾಗ ಡಾಕ್ಟರ್ ಏನಂದಿದ್ರು?”

“ಎಲ್ಲಾ ಚಲೋ ಅದ ಅಂದಿದ್ರು,” ಅಂದಳು ಅಮರೇಶ್ವರಿ. ಆಮೇಲೆ ನನ್ನ ಕಡೆ ತಿರುಗಿದಳು. “ಹೌದಿಲ್ಲ ಚಿಗವ್ವ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಅಕ್ಕನ ಮಗಳ ಸಂಸಾರ ಅಂದೇ ಮುಗಿಯುತ್ತಿತ್ತು. ಹೇಳದಿದ್ದರೆ ಹೋಗುವುದು ಕಲ್ಲೂರಿನವರ ಮಗಳ ಬಾಳು. ನಾನು ತೂಗಿ ನೋಡಿದೆ ಎಂದು ಹೇಳಿಕೊಳ್ಳಲು ಇಷ್ಟ, ಆದರೆ ತೂಗಲಿಲ್ಲ. ಬಾಯಿ ತಾನಾಗಿ ರಕ್ತದ ಕಡೆ ಹೋಯಿತು.

“ಹೌದು,” ಅಂದೆ.

ಉಮಾಶ್ರೀ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಅನುಮಾನದಿಂದ ನೋಡಿದ್ದರೆ ನನಗೆ ಇವತ್ತು ಇಷ್ಟು ಉರಿಯುತ್ತಿರಲಿಲ್ಲ. ಅವಳು ನನ್ನ ಮಾತನ್ನು ನಂಬಿದಳು. ಟೀಚರ್ ಹೇಳಿದ್ದಲ್ಲವೇ.

ಅಕ್ಕ ಅಂದೇ ಹದಿನಾರು ಬಾಟಲಿಯ ಉಪ್ಪಿನಕಾಯಿಯನ್ನು ತಿಪ್ಪೆಗೆ ಸುರಿಸಿದಳು. ಬಾಟಲಿಗಳನ್ನೂ ಒಡೆಸಿದಳು. ಹೊಸ ಮುಚ್ಚಳಗಳನ್ನು ಮಾತ್ರ ಬಿಸಿನೀರಿನಲ್ಲಿ ತೊಳೆಸಿ ಎತ್ತಿಟ್ಟಳು, ಮುಚ್ಚಳಗಳೇನು ತಪ್ಪು ಮಾಡಿವೆ ಎನ್ನುತ್ತ. ಮೌನೇಶ ಹೆಂಡತಿಯ ಕೈಯಿಂದ ತಟ್ಟೆ ಇಸಿದುಕೊಳ್ಳುವುದನ್ನು ಬಿಟ್ಟ. ಅವಳು ಹಮಾಲರಿಗೆ ಅಡುಗೆ ಮಾಡಬಹುದು, ಮನೆಯವರಿಗೆ ಮಾಡುವಂತಿಲ್ಲ. ನಾನು ರಾಯಚೂರಿಗೆ ಬಂದವಳೇ ಸ್ಕ್ಯಾನಿಂಗಿನ ವರದಿಯನ್ನು ಹರಿದು ಒಲೆಗೆ ಹಾಕಿದೆ. ಅದನ್ನೂ ಯಾರೂ ನನಗೆ ಮಾಡು ಎಂದಿರಲಿಲ್ಲ.

ಈ ವರ್ಷ ಆಷಾಢದಲ್ಲಿ ಮತ್ತೆ ಡಾಕ್ಟರಿಗೆಂದು ಉಮಾಶ್ರೀ ನಮ್ಮ ಮನೆಗೆ ಬಂದಳು. ಮೈ ಇಳಿದಿದೆ, ಮಾತೂ ಇಳಿದಿದೆ. ಅಮರೇಶ್ವರಿಗೆ ಈಗ ಏಳು ತಿಂಗಳು. ಅದನ್ನು ಉಮಾಶ್ರೀಗೆ ಯಾರೂ ಹೇಳಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನ ಇಬ್ಬರಿಗೂ ತಟ್ಟೆ ಹಾಕಿ, ಗೋಡೆಯ ಮಾಡದಲ್ಲಿದ್ದ ಉಪ್ಪಿನಕಾಯಿ ಬಾಟಲಿ ತಾ ಎಂದು ಅವಳಿಗೆ ಹೇಳಿದೆ. ಅವಳು ಎದ್ದಳು, ಮಾಡದ ಮುಂದೆ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತಳು.

“ಬ್ಯಾಡ್ರಿ ಸಣ್ಣತ್ತಿ. ಇವತ್ತು ನನಗ ಎರಡನೇ ದಿನ. ನಿಮ್ಮದ್ಯಾಕ ಕೆಡಸ್ಲಿ.”

ನೀನೇ ಪರೀಕ್ಷೆ ಮಾಡಿ ನೋಡಿದ್ದೆಯಲ್ಲ ಎಂದು ಕೇಳಿದೆ.

“ಅದು ತಪ್ಪಿತ್ರಿ. ಕೂಸು ಹೋತಲ್ಲ.”

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಬೇಕಾದದ್ದು ನಾಲ್ಕೇ ಮಾತು, ಕೇಳುವವಳು ಎದುರಿಗೇ ಇದ್ದಳು. ನಾನು ಎದ್ದು ಬಾಟಲಿ ಇಳಿಸಿಕೊಂಡೆ. ಮೊದಲು ನನ್ನ ತಟ್ಟೆಗೆ ಹಾಕಿಕೊಂಡು, ಆಮೇಲೆ ಚಮಚ ಅವಳ ತಟ್ಟೆಗೆ ತಾಗದಂತೆ ಮೇಲಿನಿಂದ ಅವಳಿಗೆ ಬಡಿಸಿದೆ.