ಮೂರು ಬೆರಳು ಹೇಳಿದ್ದು

ನರ್ಸ್ ಮನೆಯ ವ್ಯಾಕ್ಯೂಮ್ ಕ್ಲೀನರ್ ಅಂಗಡಿಗೆ ಬಂದು ಹನ್ನೊಂದು ದಿನವಾಗಿತ್ತು. ಚೀಲ ಬದಲಾಗಿತ್ತು, ಎರಡು ಫಿಲ್ಟರುಗಳೂ ಹೊಸವು, ಕೊಳವೆಯ ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಕಾಲುಚೀಲವೂ ಹೊರಬಂದಿತ್ತು. ಆದರೂ ಮೇಷ್ಟ್ರ ಮೂರು ಬೆರಳುಗಳು ಗಾಳಿಯ ಎಳೆತವಿಲ್ಲ ಎನ್ನುತ್ತಿದ್ದವು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮೆಟ್ಟಿಲ ಕೆಳಗಿನ ಆ ಕಿರಿದಾದ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಮನೆಬಳಕೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದಾರೆ. ಚೀಲ ಬಿರಿಯುವಷ್ಟು ತುಂಬಿದರೂ ಯಂತ್ರ ಓಡಿಸಿದವರನ್ನು, ತೊಳೆದ ಫಿಲ್ಟರನ್ನು ಒಣಗಿಸದೆ ಸಿಕ್ಕಿಸಿದವರನ್ನು ಎದುರಿಗೆ ನಿಲ್ಲಿಸಿಕೊಂಡು ಗದರುವುದರಿಂದ ಗಿರಾಕಿಗಳೇ ಕೊಟ್ಟ ಹೆಸರು ಅದು. ಗದರಿಸಿಕೊಂಡವರು ಮತ್ತೆ ಅಲ್ಲಿಗೇ ಬರುತ್ತಾರೆ.

ಅವರ ಕೆಲಸಕ್ಕೊಂದು ಕ್ರಮವಿದೆ. ಮೊದಲು ಚೀಲ, ಆಮೇಲೆ ಫಿಲ್ಟರು. ಕೊಳವೆಯನ್ನು ಎತ್ತಿ ಹಿಡಿದು ಒಂದು ಗೋಲಿ ಬಿಡುತ್ತಾರೆ. ಅದು ಇನ್ನೊಂದು ತುದಿಯಿಂದ ಉದುರಿದರೆ ದಾರಿ ಸಲೀಸು. ಬ್ರಷ್ಷಿಗೆ ಸುತ್ತಿಕೊಂಡ ಕೂದಲು ಕತ್ತರಿಸುತ್ತಾರೆ, ಮುಚ್ಚಳದ ರಬ್ಬರು ಸೀಳಿದೆಯೇ ನೋಡುತ್ತಾರೆ. ಮೋಟರಿಗೆ ಕೈ ಹಾಕುವುದು ಕಟ್ಟಕಡೆಗೆ. ಪ್ರತಿ ಹಂತ ಮುಗಿದಾಗಲೂ ಯಂತ್ರ ಚಾಲೂ ಮಾಡಿ, ಬಲಗೈಯ ಮೂರು ಬೆರಳು ಜೋಡಿಸಿ ಕೊಳವೆಯ ಬಾಯಿಗೆ ಇಡುತ್ತಾರೆ. ಎಳೆತ ಎಷ್ಟಿದೆ ಎಂದು ಆ ಬೆರಳು ಹೇಳಿದ್ದೇ ಕೊನೆಯ ಮಾತು. ಬಿಡಿಭಾಗ ಮಾರಲು ಬಂದವನೊಬ್ಬ ಎಳೆತ ಅಳೆಯುವ ಮೀಟರ್ ಕೊಟ್ಟು ಹೋಗಿದ್ದ. ಅದು ಈಗ ಚೀಟಿಗಳು ಹಾರದಂತೆ ಮೇಲಿಡುವ ಭಾರ.

ಈಚಿನ ಕೆಲವು ತಿಂಗಳಿಂದ ಅವರ ಕೈಯಿಂದ ಸ್ಕ್ರೂಗಳು ಜಾರುತ್ತಿದ್ದವು. ಬೆಳಗ್ಗೆ ಎದ್ದು ಕೈ ಕೊಡವಿಕೊಳ್ಳುವರು. ಮುಂದೆ ಕೂತು ಚೀಟಿ ಬರೆಯುವ ಹೆಂಡತಿ ಕೇಳಿದಾಗಲೆಲ್ಲ ವಯಸ್ಸಾಯಿತು ಎಂದು ತಳ್ಳಿಹಾಕುತ್ತಿದ್ದರು. ಗಂಡನ ಅಂಗಿಯ ಗುಂಡಿಯನ್ನು ಹೆಂಡತಿಯೇ ಹಾಕಿಕೊಡುವುದು ಯಾವಾಗಿನಿಂದ ರೂಢಿಯಾಯಿತೋ ಇಬ್ಬರಿಗೂ ನೆನಪಿರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ನರ್ಸ್ ಕೆಲಸ ಮುಗಿಸಿಕೊಂಡು ನೇರ ಬಂದರು. ಮನೆಯಲ್ಲಿ ತಾಯಿಗೆ ಉಬ್ಬಸ. ಪೊರಕೆ ಹಿಡಿದರೆ ಧೂಳೆದ್ದು ಕೆಮ್ಮು ನಿಲ್ಲುವುದಿಲ್ಲ. ಇನ್ನು ಕಾಯುವುದಾಗದು ಎಂದರು. ಮೋಟರ್ ಹೋಗಿದೆ, ಬೇರೆ ತಗೊಳ್ಳುವುದೇ ಮೇಲು ಎಂದರು ಮೇಷ್ಟ್ರು. ನಂಬಿಕೆ ಬರಲೆಂದು ಸ್ವಿಚ್ ಒತ್ತಿ ಬೆರಳು ಇಟ್ಟರು. ಒಡನೆ ಮೋಟರಿನ ಸದ್ದು ಏರಿತು. ಕೊಳವೆಯ ಬಾಯಿ ಮುಚ್ಚಿದಾಗ ಎಳೆತವಿರುವ ಯಂತ್ರ ಹಾಗೆಯೇ ಕೂಗುತ್ತದೆ. ಈ ಹನ್ನೊಂದು ದಿನವೂ ಅವರು ಆ ಸದ್ದು ಕೇಳಿದ್ದರು. ಆದರೆ ಕಿವಿ ಹೇಳಿದ್ದನ್ನು ಬೆರಳು ಒಪ್ಪಿರಲಿಲ್ಲ, ಅವರು ಬೆರಳನ್ನೇ ನಂಬಿದ್ದರು.

“ನೋಡಿ ಸಿಸ್ಟರ್, ಏನೂ ಇಲ್ಲ.”

ನರ್ಸ್ ಅಂಗೈ ಇಟ್ಟರು. ಕೈ ಎತ್ತಿದರೆ ಕೊಳವೆಯೂ ಜೊತೆಗೇ ಎದ್ದು ಬಂತು.

“ಇದಕ್ಕೇನಾಗಿದೆ ಮೇಷ್ಟ್ರೇ? ಕೈ ಬಿಡಿಸ್ಕೊಳ್ಳೋಕೇ ಆಗ್ತಿಲ್ಲ.”

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರು ಮೇಷ್ಟ್ರು. ಹೆಂಡತಿ ಎದ್ದು ಬಂದು ಕೈ ಕೊಟ್ಟರು. ಅವರ ಕೈಗೂ ಗಟ್ಟಿಯಾಗಿ ಅಂಟಿತು. ಮೇಷ್ಟ್ರು ಕೊಳವೆ ಕಸಿದುಕೊಂಡು ಮತ್ತೆ ಮೂರು ಬೆರಳು ಇಟ್ಟು, ಬಗ್ಗಿ ನೋಡಿದರು. ಬೆರಳಿನ ಚರ್ಮ ಕೊಳವೆಯೊಳಕ್ಕೆ ಎಳೆದುಕೊಂಡು ಕೆಂಪಾಗಿತ್ತು. ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ.

ಯಂತ್ರ ನಿಲ್ಲಿಸುವುದು ಯಾರಿಗೂ ಹೊಳೆಯಲಿಲ್ಲ. ಅದು ಕೂಗುತ್ತಲೇ ಇತ್ತು. ಕೊನೆಗೆ ನರ್ಸೇ ಸ್ವಿಚ್ ಆರಿಸಿ, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಎಂದರು. ತಮ್ಮ ಹೆಸರಿನ ಬಿಲ್ಲೆ ಬಿಚ್ಚಿ ಅದರ ಪಿನ್ನು ತೆಗೆದರು. ಬೆರಳಿಗೆ ಚುಚ್ಚಿದ ಕೂಡಲೇ ಹೇಳಬೇಕು ಎಂದರು.

ಮೇಷ್ಟ್ರು ಕಾದರು.

“ಇನ್ನೂ ಶುರು ಮಾಡಿಲ್ವಾ?”

“ನಾಲ್ಕು ಸಲ ಆಯ್ತು.”

ಹೆಂಡತಿ ಗೋಡೆಗೆ ಒರಗಿ ನಿಂತರು. ಬೇಗ ಡಾಕ್ಟರಿಗೆ ತೋರಿಸಬೇಕು ಎಂದು ನರ್ಸ್ ಹೇಳುತ್ತಿದ್ದರು. ಮೇಷ್ಟ್ರು ಕೈಯ ವಿಷಯ ಒಂದೂ ಕೇಳಲಿಲ್ಲ. ಅವರ ಕಣ್ಣು ಅಟ್ಟದ ಕಡೆಗಿತ್ತು.

“ಆ ಟೈಲರ್ ಕೊಟ್ಟ ಕ್ಲೀನರ್ ಅಲ್ಲೇ ಇದೆಯಾ?”

ಈಚೆಗೆ ಅವರು ಇನ್ನೆರಡು ವ್ಯಾಕ್ಯೂಮ್ ಕ್ಲೀನರುಗಳಿಗೂ ಮೋಟರ್ ಹೋಗಿದೆ ಎಂದು ತೀರ್ಪು ಕೊಟ್ಟಿದ್ದರು. ಬೇಕರಿಯ ಹೆಂಗಸಿನದನ್ನು ಆಗಲೇ ಬಿಚ್ಚಿ ಭಾಗ ಭಾಗ ಮಾಡಿಯಾಗಿತ್ತು. ಅದಕ್ಕೆ ಎಳೆತವಿತ್ತೋ ಇಲ್ಲವೋ, ಇನ್ನು ಯಾರೂ ಹೇಳಲಾರರು. ಟೈಲರಿನದು ಅಟ್ಟದ ಮೇಲೆ ಹಾಗೇ ಇತ್ತು. ಕೆಳಗಿಳಿಸಿ ಚಾಲೂ ಮಾಡಿದರು. ಈ ಸಲ ಬೆರಳು ಇಡಲಿಲ್ಲ. ಹಳೆ ಪತ್ರಿಕೆಯ ಹಾಳೆಯೊಂದನ್ನು ಕೊಳವೆಯ ಹತ್ತಿರ ಹಿಡಿದರು. ಹಾಳೆ ಕೈಯಿಂದ ಕಿತ್ತುಕೊಂಡು ಹೋಗಿ ಬಾಯಿಗೆ ಬಡಿದು ನಿಂತಿತು.

“ಟೈಲರ್ ಆಗ್ಲೇ ಹೊಸದು ತಗೊಂಡಿದ್ದಾರಂತೆ ರೀ,” ಎಂದರು ಹೆಂಡತಿ ಮೆಲ್ಲಗೆ. “ಮೊದ್ಲು ಆಸ್ಪತ್ರೆಗೆ ಹೋಗೋಣ.”

“ಸತ್ತೋಯ್ತು ಅಂತ ಹೇಳಿದ್ನಲ್ಲೇ ಇದನ್ನ. ಇಷ್ಟು ಚೆನ್ನಾಗಿದೆ.”

ನರ್ಸಿನ ಯಂತ್ರವನ್ನು ಅವರ ಕೈಗಿತ್ತು, ಟೈಲರಿನದನ್ನು ಎಡಗೈಯಲ್ಲಿ ಹಿಡಿದು ಎರಡು ಬೀದಿ ನಡೆದರು. ಟೈಲರ್ ಒಂದು ಕೋಟಿನ ತೋಳಿಗೆ ಬಿಳಿ ದಾರದ ಹೊಲಿಗೆ ಹಾಕುತ್ತಿದ್ದ. ಮೇಷ್ಟ್ರು ಸುತ್ತಿ ಬಳಸಿ ಹೇಳಲಿಲ್ಲ: ನಿಮ್ಮ ಯಂತ್ರ ಚೆನ್ನಾಗಿತ್ತು, ನನ್ನ ಕೈ ಸರಿಯಿರಲಿಲ್ಲ. ಬೈಯಲಿ ಎಂದು ಕಾದು ನಿಂತರು. ಟೈಲರ್ ಸೂಜಿಯನ್ನು ಕೋಟಿಗೆ ಚುಚ್ಚಿಟ್ಟ.

“ಅವತ್ತು ನಿಮ್ಮ ಅಂಗಡೀಲೇ ನಾನೂ ಕೈ ಇಟ್ಟು ನೋಡಿದ್ದೆ. ಎಳೀತಾ ಇತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಇಲ್ಲ ಅಂದ್ರಲ್ಲ ಮೇಷ್ಟ್ರೇ. ನಂಗೆ ಗೊತ್ತಾಗಲ್ಲ ಅನ್ಕೊಂಡೆ.”

ಮೇಷ್ಟ್ರು ಯಂತ್ರವನ್ನು ನೆಲಕ್ಕಿಟ್ಟು ಪಕ್ಕದ ಬೆಂಚಿನ ಮೇಲೆ ಕೂತರು. ಪಿನ್ನು ಚುಚ್ಚಿದ್ದು ತಿಳಿಯದೆ ಹೋದಾಗಲೂ ಅಷ್ಟು ಬೆಚ್ಚಿರಲಿಲ್ಲ ಎಂದು ಆಮೇಲೆ ಹೆಂಡತಿಗೆ ಹೇಳಿದರು.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಸ್ಕ್ರೂಡ್ರೈವರ್ ತಿರುಗಿಸಿ ತಿರುಗಿಸಿ ಹಾಗಾಗಿರಬಹುದು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಸ್ಪರ್ಶ ಎಷ್ಟು ಮರಳುತ್ತದೆ ಎಂದು ಈಗಲೇ ಹೇಳಲಾಗದಂತೆ. ಅಲ್ಲಿಯವರೆಗೆ ಬಿಗಿ ಸ್ಕ್ರೂಗಳನ್ನು ಹೆಂಡತಿ ತಿರುಗಿಸುತ್ತಾರೆ. ಗಂಡ ಗದರಿದರೆ, ಗಿರಾಕಿಗಳನ್ನು ಗದರಿ ಎನ್ನುತ್ತಾರೆ. ಬೇಕರಿಯ ಹೆಂಗಸಿಗೆ ಇನ್ನೂ ಹೇಳಿಲ್ಲ. ಆ ಬೀದಿಯಲ್ಲಿ ಮೇಷ್ಟ್ರು ಎರಡು ಸಲ ಹೋಗಿ ಬಂದಿದ್ದಾರೆ.

ಮೀಟರಿನ ಧೂಳು ಒರೆಸಿ ಗೋಡೆಗೆ ತೂಗುಹಾಕಿದ್ದಾರೆ. ಆದರೂ ರಿಪೇರಿ ಮುಗಿದ ಮೇಲೆ ಯಂತ್ರ ಚಾಲೂ ಮಾಡಿ, ಕೊಳವೆಯನ್ನು ಗಿರಾಕಿಯ ಕಡೆಗೆ ತಿರುಗಿಸುತ್ತಾರೆ.

“ನೀವೇ ಕೈ ಇಡಿ. ಎಳೀತಿದೆಯಾ?”

ಬಹಳ ಜನ ಕೊಳವೆಯನ್ನು ಬಿಟ್ಟು ಅವರ ಮುಖ ನೋಡುತ್ತಾರೆ. ಉತ್ತರ ಬರುವವರೆಗೆ ಮೇಷ್ಟ್ರು ಸ್ವಿಚ್ ಆರಿಸುವುದಿಲ್ಲ.