ಬೆಕ್ಕಿಗೊಬ್ಬ ಲೋಕಲ್ ಗಾರ್ಡಿಯನ್

ಬಂಧುಗಳೇ, ಇಂದಿನಿಂದ ನಾನು ಒಂದು ಬೆಕ್ಕಿನ ಅಧಿಕೃತ ಲೋಕಲ್ ಗಾರ್ಡಿಯನ್ ಎಂದು ಹೆಮ್ಮೆಯಿಂದ ಘೋಷಿಸುತ್ತೇನೆ.

ತಾರ್ನಾಕದ ಹಾಸ್ಟೆಲಿನಲ್ಲಿರುವ ತಂಗಿಯ ಮಗಳು ಸ್ನೇಹಾಳಿಗೆ ವಿಪರೀತ ಆತಂಕ. ಬೆಕ್ಕು ಪಕ್ಕದಲ್ಲಿದ್ದರೆ ಮಾತ್ರ ನಿದ್ದೆ ಬರುತ್ತದೆ. ವೈದ್ಯರ ಪತ್ರ ನೋಡಿ, ಬೀದರ್ ಕಡೆಯವರಾದ ವಾರ್ಡನ್ ಒಪ್ಪಿದರು. ಆದರೆ ಬೆಕ್ಕಿಗೆಂದು ಬೇರೆ ಫಾರಂ ಇಲ್ಲದ ಕಾರಣ ಹುಡುಗಿಯರದನ್ನೇ ಕೊಟ್ಟರು.

“ತಂದೆ ಹೆಸರು ಖಾಲಿ ಬಿಟ್ಟೀರಲ್ರಿ?”

“ಅದರ ಅವ್ವಗೂ ಗೊತ್ತಿರ್ಲಿಕ್ಕಿಲ್ರಿ ಮೇಡಂ,” ಎಂದೆ.

“ಹೋಗ್ಲಿ, ಗಾರ್ಡಿಯನ್ ಅಂತ ನೀವು ಸಹಿ ಮಾಡ್ರಿ. ತಂಟೆ ಮಾಡಿದ್ರ ನಿಮ್ಮನ್ನ ಕರಸ್ತೀನಿ.”

ಸ್ನೇಹಾ ನನ್ನ ಮುಖವನ್ನೇ ನೋಡುತ್ತಿದ್ದಳು. ಗಂಭೀರವಾಗಿ ಸಹಿ ಹಾಕಿದೆ.

ಇನ್ನು ಫೋಟೊ ಒಂದೇ ಬಾಕಿ. ನಾಳೆಯೊಳಗೆ ಕೊಡದಿದ್ದರೆ ಬೆಕ್ಕು ಹಾಸ್ಟೆಲಿನಿಂದ ಹೊರಗೆ. ನೇರ ಮುಖ, ಎರಡೂ ಕಿವಿ ಕಾಣಬೇಕಂತೆ. ಬೆಕ್ಕನ್ನು ಅರ್ಧ ನಿಮಿಷ ಅಲುಗಾಡದಂತೆ ಕೂರಿಸಬಲ್ಲವರು ತಾರ್ನಾಕದಲ್ಲಿದ್ದರೆ ದಯವಿಟ್ಟು ತಿಳಿಸಿ.